ಗಣಕಕ್ಕೆ ನೆನಪು ಎಷ್ಟು ಬೇಕು?

ಕಣಜ ಕಟ್ಟಿಸಲು ಹೊರಟ ಗೃಹಸ್ಥನು ಮೊದಲು ಎಣಿಸುವುದು ಮನೆಯಲ್ಲಿ ಉಣ್ಣುವ ಬಾಯಿಗಳನ್ನು. ಕಣಜದ ಬಣ್ಣ, ಬಾಗಿಲಿನ ಅಂದ ಇವೆಲ್ಲ ಅನಂತರದ ಮಾತು. ಆದರೆ ಅದೇ ಗೃಹಸ್ಥನು ಮಗನಿಗಾಗಿ ಗಣಕಯಂತ್ರ ಕೊಳ್ಳಲು ಹೊರಟನೆಂದರೆ, ಈ ವಿವೇಕವನ್ನು ಮನೆಯಲ್ಲಿಯೇ ಮರೆತು ಹೋಗುವುದುಂಟು. ಗಾಜಿನ ಕಪಾಟಿನಲ್ಲಿ ಬಣ್ಣಬಣ್ಣದ ದೀಪ ಬೀರುವ ರ‍್ಯಾಮ್ ಪಟ್ಟಿಗಳೂ, ಅವುಗಳ ಮೇಲೆ ಅಚ್ಚಾಗಿರುವ ದೊಡ್ಡ ದೊಡ್ಡ ಅಂಕಿಗಳೂ ಕಣ್ಣನ್ನು ಕುಕ್ಕುತ್ತವೆ. ಎಷ್ಟು ಬೇಕು ಎಂಬ ಪ್ರಶ್ನೆ ಹಿಂದೆ ಸರಿದು, ಎಷ್ಟು ಇದೆ ಎಂಬುದೊಂದೇ ಮುಂದೆ ನಿಲ್ಲುತ್ತದೆ.

ಸಂಡೂರಿನ ಒಂದು ಸಂಸಾರವನ್ನು ಊಹಿಸಿಕೊಳ್ಳಬಹುದು. ತಂದೆ ನಿವೃತ್ತ ಉಪಾಧ್ಯಾಯರು. ಊರಿನ ಒಂದು ಸಹಕಾರ ಸಂಘದ ಲೆಕ್ಕಪತ್ರ ಬರೆದುಕೊಡುತ್ತಾರೆ. ಲೆಕ್ಕದ ಆ ತಂತ್ರಾಂಶವೋ ಬಲು ಹಳೆಯದು, ಹಳೆಯ ವಿಂಡೋಸ್‌ನಲ್ಲಲ್ಲದೆ ನಡೆಯದು. ಮಗ ಹೊಸಪೇಟೆಯ ಕಾಲೇಜಿನಲ್ಲಿ ಇಂಜಿನಿಯರಿಂಗ್ ವಿದ್ಯಾರ್ಥಿ. ಪಾಠಕ್ಕಾಗಿ ಅವನಿಗೆ ಎರಡು ಲಿನಕ್ಸ್ ಯಂತ್ರಗಳು ಬೇಕು. ಸಂಜೆ ಗೆಳೆಯರೊಡನೆ ಆಡಲು ಆಟವೂ ಬೇಕು. "ಅಪ್ಪಾ, 64 ಜಿ.ಬಿ. ಹಾಕಿಸಿಬಿಟ್ಟರೆ ಹತ್ತು ವರ್ಷ ಚಿಂತೆಯಿಲ್ಲ" ಎಂಬುದು ಅವನ ವಾದ. "ಮುಂದಿನ ವರ್ಷ ನಿನ್ನ ತಂಗಿಯ ಕಾಲೇಜು ಶುಲ್ಕ ಕಟ್ಟಬೇಕು, ಅದನ್ನು ನೆನಪಿಟ್ಟುಕೊಂಡು ಮಾತನಾಡಪ್ಪ" ಎಂಬುದು ತಾಯಿಯ ಉತ್ತರ. ಎರಡೂ ನ್ಯಾಯವಾದ ಮಾತುಗಳೇ. ಇವೆರಡರ ನಡುವೆ ತೀರ್ಪು ಹೇಳಬೇಕಾದರೆ ನೆನಪಿನ ಸ್ವರೂಪವನ್ನು ಸ್ವಲ್ಪ ಅರಿಯಬೇಕಾಗುತ್ತದೆ.

ಗಣಕದಲ್ಲಿ ಸಾಮಾನು ಇರಿಸುವ ಎಡೆಗಳು ಎರಡು. ಒಂದು ಉಗ್ರಾಣ, ಇನ್ನೊಂದು ಒಲೆಯ ಪಕ್ಕದ ಕಟ್ಟೆ. ಡಿಸ್ಕು ಉಗ್ರಾಣವಿದ್ದಂತೆ, ವಿದ್ಯುತ್ತು ಹೋದರೂ ಅಲ್ಲಿಯ ಸಾಮಾನು ಅಲ್ಲಿಯೇ ಇರುತ್ತದೆ. ರ‍್ಯಾಮ್ ಒಲೆಯ ಪಕ್ಕದ ಕಟ್ಟೆ. ಅಡುಗೆ ನಡೆಯುತ್ತಿರುವಾಗ ಕೈಗೆಟುಕುವಂತೆ ಇರಬೇಕಾದದ್ದು ಮಾತ್ರ ಅಲ್ಲಿ ಇರುತ್ತದೆ. ಕಟ್ಟೆ ಚಿಕ್ಕದಾದರೆ ಅಡಿಗೆಯವನು ಒಂದೊಂದು ಚಮಚಕ್ಕೂ ಉಗ್ರಾಣಕ್ಕೆ ಓಡಬೇಕು. ರ‍್ಯಾಮ್ ಸಾಲದಾದಾಗ ಗಣಕವು ಮಾಡುವುದೂ ಇದನ್ನೇ. ಆಗ ಎಸ್.ಎಸ್.ಡಿ. ಎಷ್ಟೇ ಚುರುಕಾಗಿದ್ದರೂ, ಆಟ ನಡುನಡುವೆ ತಡೆದು ನಿಲ್ಲುತ್ತದೆ, ಕಿಟಕಿಗಳು ತೆರೆಯಲು ಒದ್ದಾಡುತ್ತವೆ.

ಈ ರ‍್ಯಾಮಿನ ಒಳಗುಟ್ಟು ಕೂಡ ಸ್ವಾರಸ್ಯವಾದದ್ದೇ. ಐ.ಬಿ.ಎಂ. ಸಂಸ್ಥೆಯ ರಾಬರ್ಟ್ ಡೆನ್ನಾರ್ಡ್ ಎಂಬ ವಿಜ್ಞಾನಿ ಒಂದು ಟ್ರಾನ್ಸಿಸ್ಟರ್ ಮತ್ತು ಒಂದು ಕೆಪಾಸಿಟರ್ ಸೇರಿಸಿ ಒಂದು ಅಂಕೆಯನ್ನು ಹಿಡಿದಿಡುವ ಉಪಾಯಕ್ಕೆ 1968ರಲ್ಲಿ ಪೇಟೆಂಟ್ ಪಡೆದನು. 1970ರಲ್ಲಿ ಇಂಟೆಲ್ ಮಾರುಕಟ್ಟೆಗೆ ತಂದ 1103 ಎಂಬ ಚಿಪ್ಪಿನಲ್ಲಿ ಇದ್ದದ್ದು 1024 ಅಂಕೆಗಳಷ್ಟು ಜಾಗ ಮಾತ್ರ. ಇಂದಿನ ಪಟ್ಟಿಗಳೂ ಡೆನ್ನಾರ್ಡನ ಉಪಾಯದ ಸಂತತಿಯೇ. ಆದರೆ ಆ ಕೆಪಾಸಿಟರ್ ಎಂಬುದು ಸೋರುವ ಕೊಡ. ತುಂಬಿದ ವಿದ್ಯುತ್ತು ಕ್ಷಣಾರ್ಧದಲ್ಲಿ ಇಳಿದುಹೋಗುವುದರಿಂದ, ಸೆಕೆಂಡಿಗೆ ಹತ್ತಕ್ಕೂ ಹೆಚ್ಚು ಬಾರಿ ಪ್ರತಿಯೊಂದು ಕೊಡವನ್ನೂ ಮತ್ತೆ ತುಂಬುತ್ತಿರಬೇಕು. ವಿದ್ಯುತ್ತು ನಿಂತೊಡನೆ ರ‍್ಯಾಮ್ ಎಲ್ಲವನ್ನೂ ಮರೆಯುವುದು ಈ ಕಾರಣದಿಂದಲೇ.

ಇನ್ನು ವರ್ಚುವಲ್ ಮೆಷಿನ್ ಎಂಬುದು ಗಣಕದೊಳಗಿನ ಗಣಕ. ದೊಡ್ಡ ಮನೆಯಲ್ಲಿ ಬಾಡಿಗೆಗೆ ಕೊಟ್ಟ ಕೋಣೆಯಂತೆ. ಈ ಕಲ್ಪನೆ ಹೊಸದಲ್ಲ. 1960ರ ದಶಕದಲ್ಲಿಯೇ ಐ.ಬಿ.ಎಂ. ಸಂಸ್ಥೆಯವರು ಒಂದು ದೊಡ್ಡ ಯಂತ್ರವನ್ನು ಹಲವು ಯಂತ್ರಗಳೆಂಬಂತೆ ಹಂಚಿಕೊಟ್ಟಿದ್ದರು. ಇಂದು ಅದೇ ಕೆಲಸ ಮನೆಯ ಮೇಜಿನ ಮೇಲೆಯೇ ನಡೆಯುತ್ತದೆ. ಕೋಣೆಯನ್ನು ಬಾಡಿಗೆಗೆ ಕೊಟ್ಟ ಮೇಲೆ, ಬಾಡಿಗೆದಾರನು ಇರುವವರೆಗೆ, ಮನೆಯೊಡೆಯನು ಅಲ್ಲಿ ಹಾಸಿಗೆ ಹಾಸುವಂತಿಲ್ಲ. ಒಳಗಣಕಕ್ಕೆ 4 ಜಿ.ಬಿ. ಕೊಟ್ಟರೆ, ಅದು ನಡೆಯುತ್ತಿರುವಷ್ಟು ಹೊತ್ತು ಅಷ್ಟು ಜಾಗ ಹೆಚ್ಚುಕಡಿಮೆ ಅದರದ್ದೇ. ಅದನ್ನು ಮುಚ್ಚಿದೊಡನೆ ಜಾಗ ಹಿಂದಿರುಗುತ್ತದೆ.

ಇಲ್ಲಿಯೇ ಇರುವುದು ಲೆಕ್ಕದ ಕೀಲಿಕೈ. ಏನೇನು ಬೇಕು ಎಂಬುದಕ್ಕಿಂತ, ಏಕಕಾಲಕ್ಕೆ ಏನೇನು ಬೇಕು ಎಂದು ಕೇಳಿಕೊಳ್ಳಬೇಕು. ಸಂಡೂರಿನ ಆ ಮನೆಯ ಲೆಕ್ಕವನ್ನೇ ಹಾಕಿ ನೋಡೋಣ. ಹೊರಗಿನ ವಿಂಡೋಸ್‌ಗೂ ಅದರ ಪರಿವಾರಕ್ಕೂ 5 ಜಿ.ಬಿ.; ಬ್ರೌಸರು ಮತ್ತು ಮಾತುಕತೆಯ ತಂತ್ರಾಂಶಕ್ಕೆ 3; ಇತ್ತೀಚಿನ ಭಾರಿ ಆಟವೊಂದಕ್ಕೆ 12; ಮಗನ ಎರಡು ಲಿನಕ್ಸ್ ಯಂತ್ರಗಳಿಗೆ ನಾಲ್ಕುನಾಲ್ಕರಂತೆ 8; ತಂದೆಯ ಹಳೆಯ ವಿಂಡೋಸ್‌ಗೆ 4. ಎಲ್ಲವನ್ನೂ ಕೂಡಿದರೆ 32. ಆದರೆ ತಂದೆ ಲೆಕ್ಕ ಬರೆಯುತ್ತಿರುವಾಗ ಮಗ ಅದೇ ಯಂತ್ರದಲ್ಲಿ ಆಟವಾಡಲಾರನಷ್ಟೆ! ಆಟದ ಹೊತ್ತಿನಲ್ಲಿ ಬೇಕಾದದ್ದು 20. ಮೂರು ಒಳಗಣಕಗಳೂ ಒಟ್ಟಿಗೆ ನಡೆದರೂ ಬೇಕಾದದ್ದು 20. ಹೀಗಿರಲು 16 ಜಿ.ಬಿ. ಸಾಲದು; 32 ಜಿ.ಬಿ.ಯಲ್ಲಿ ಕೈಕಾಲು ಚಾಚಲು ಜಾಗ ಉಳಿಯುತ್ತದೆ, 64 ಜಿ.ಬಿ. ಕೊಂಡರೆ ಅರ್ಧ ಕಣಜ ಖಾಲಿ ಬಿದ್ದಿರುತ್ತದೆ.

ಹಾಗೆಂದು 64 ಯಾರಿಗೂ ಬೇಡವೆಂದಲ್ಲ. ಆಟವನ್ನೇ ಒಳಗಣಕದಲ್ಲಿ ಆಡುವವರೂ ಇದ್ದಾರೆ. ಅವರು ಹೊರಗೆ ಲಿನಕ್ಸ್ ಇರಿಸಿ, ಚಿತ್ರದ ಕಾರ್ಡನ್ನು ಒಳಗಿನ ವಿಂಡೋಸ್‌ಗೆ ನೇರವಾಗಿ ಒಪ್ಪಿಸಿಬಿಡುತ್ತಾರೆ. ಈ ವ್ಯವಸ್ಥೆಯಲ್ಲಿ ಒಳಗಣಕದ ನೆನಪು ಕದಲದಂತೆ ಬಿಗಿಯಲ್ಪಟ್ಟಿರುವುದರಿಂದ, 16 ಕೊಟ್ಟರೆ 16 ಹೋಯಿತೆಂದೇ ತಿಳಿಯತಕ್ಕದ್ದು. ಜೊತೆಗೆ ನಾಲ್ಕಾರು ಒಳಗಣಕಗಳನ್ನು ಹಗಲಿರುಳು ನಡೆಸುವವರಾದರೆ 64 ದುಂದಲ್ಲ. ಆದರೆ ಕೆಲವು ಸ್ಪರ್ಧೆಯ ಆಟಗಳ ಮೋಸತಡೆ ತಂತ್ರಾಂಶವು ಒಳಗಣಕವನ್ನು ಕಂಡರೆ ಬಾಗಿಲು ಮುಚ್ಚುತ್ತದೆ ಎಂಬುದನ್ನು ಹಣ ಸುರಿಯುವ ಮೊದಲೇ ತಿಳಿದಿರುವುದು ಲೇಸು.

ಪರಿಮಾಣ ನಿಶ್ಚಯವಾಯಿತು. ಮುಂದಿನದು ಜೋಡಿಯ ವಿಷಯ. ತುಂಗಭದ್ರಾ ಜಲಾಶಯವನ್ನು ನೋಡಿದವರಿಗೆ ಇದು ಸುಲಭವಾಗಿ ಅರ್ಥವಾದೀತು. ಅಣೆಕಟ್ಟಿನಲ್ಲಿ ನೀರು ಎಷ್ಟೇ ನಿಂತಿರಲಿ, ಹೊಲ ತಲಪುವುದು ಎಡದಂಡೆ ಬಲದಂಡೆಯ ಕಾಲುವೆಗಳ ಮೂಲಕ. ಒಂದೇ ದಂಡೆಯಲ್ಲಿ ಕಾಲುವೆ ಇದ್ದಿದ್ದರೆ ಇನ್ನೊಂದು ದಂಡೆಯ ಗತಿಯೇನು? ಸಾಮಾನ್ಯ ಮೇಜುಗಣಕಗಳಲ್ಲಿಯೂ ನೆನಪಿಗೆ ಎರಡು ಕಾಲುವೆಗಳು. 32 ಜಿ.ಬಿ.ಯ ಒಂದೇ ಪಟ್ಟಿ ಹಾಕಿದರೆ ಒಂದು ಕಾಲುವೆ ಒಣಗಿ ಬಿದ್ದಿರುತ್ತದೆ. 16ರ ಎರಡು ಪಟ್ಟಿ ಹಾಕಿದರೆ ಎರಡರಲ್ಲೂ ಹರಿವು. ಡಿ.ಡಿ.ಆರ್.5 ಜಾತಿಯ 6000 ವೇಗದ ಒಂದು ಪಟ್ಟಿ ಸೆಕೆಂಡಿಗೆ ಹೆಚ್ಚೆಂದರೆ 48 ಜಿ.ಬಿ. ಸಾಗಿಸಬಲ್ಲದು, ಜೋಡಿಯಾದರೆ 96. ಚಿತ್ರದ ಕಾರ್ಡು ಬೇರೆಯಾಗಿಲ್ಲದೆ, ಪ್ರೊಸೆಸರಿನೊಳಗಿನ ಚಿತ್ರಶಕ್ತಿಯನ್ನೇ ನೆಚ್ಚಿಕೊಂಡಿರುವ ಗಣಕದಲ್ಲಂತೂ ಈ ಜೋಡಿ ಅನಿವಾರ್ಯ. ಏಕೆಂದರೆ ಅಲ್ಲಿ ಚಿತ್ರಕ್ಕೆ ಬೇಕಾದ ನೆನಪೂ ಇದೇ ರ‍್ಯಾಮಿನಿಂದಲೇ ಕಡ ಹೋಗುತ್ತದೆ.

ಎರಡು ಒಳ್ಳೆಯದಾದರೆ ನಾಲ್ಕು ಇನ್ನೂ ಒಳ್ಳೆಯದಲ್ಲವೆ ಎಂದು ಕೇಳಬಹುದು. ಅಲ್ಲ. ತೂಬುಗಳು ನಾಲ್ಕಾದರೂ ಕಾಲುವೆಗಳು ಎರಡೇ. ಭಾರ ಮಾತ್ರ ಹೆಚ್ಚು. ಎ.ಎಂ.ಡಿ. ಸಂಸ್ಥೆಯು ತನ್ನ ರೈಜೆನ್ 7000 ಸಾಲಿನ ಪ್ರೊಸೆಸರುಗಳಿಗೆ ಎರಡು ಪಟ್ಟಿಗಳಿದ್ದಾಗ 5200 ವೇಗವನ್ನೂ, ನಾಲ್ಕಿದ್ದಾಗ 3600 ವೇಗವನ್ನೂ ಅಧಿಕೃತವಾಗಿ ಹೇಳಿದೆ. ಆದಕಾರಣ 8ರ ನಾಲ್ಕಕ್ಕಿಂತ 16ರ ಎರಡು ಮೇಲು.

ವೇಗದ ಅಂಕಿಗೆ ಮರುಳಾಗುವವರು ಇನ್ನೊಂದು ಅಂಕಿಯನ್ನೂ ನೋಡಬೇಕು. ಪೊಟ್ಟಣದ ಮೇಲೆ ಸಿ.ಎಲ್. ಎಂದು ಬರೆದಿರುತ್ತದೆ. ಕರೆದ ಮೇಲೆ ಓಗೊಡಲು ನೆನಪು ತೆಗೆದುಕೊಳ್ಳುವ ವಿಳಂಬ ಅದು. 3200 ವೇಗದ ಡಿ.ಡಿ.ಆರ್.4 ಪಟ್ಟಿಯ ಸಿ.ಎಲ್. 16 ಆದರೆ ವಿಳಂಬ 10 ನ್ಯಾನೋಸೆಕೆಂಡು. 6000 ವೇಗದ ಡಿ.ಡಿ.ಆರ್.5ರ ಸಿ.ಎಲ್. 30 ಆದರೆ ಅದೂ 10ೇ. ಅದೇ 6000ದ್ದು ಸಿ.ಎಲ್. 40 ಆದರೆ 13ನ್ನು ಮೀರುತ್ತದೆ. ಅಂತೂ ಬೇರೆ ಚಿತ್ರದ ಕಾರ್ಡಿರುವ ಗಣಕದಲ್ಲಿ ಈ ಸೂಕ್ಷ್ಮಗಳಿಂದ ಆಟಕ್ಕೆ ದೊರೆಯುವ ಲಾಭ ಬಹುಮಟ್ಟಿಗೆ ಅಲ್ಪ. ನೆನಪು ಸಾಲದೆ ಹೋದರೆ ಆಗುವ ನಷ್ಟ ಮಾತ್ರ ದೊಡ್ಡದು. ಪೊಟ್ಟಣದ ಮೇಲಿನ ವೇಗ ತಾನಾಗಿ ಒದಗುವುದೂ ಇಲ್ಲ. ಬಯಾಸ್ ಒಳಹೊಕ್ಕು ಎಕ್ಸ್.ಎಂ.ಪಿ. ಅಥವಾ ಎಕ್ಸ್‌ಪೋ ಎಂಬುದನ್ನು ಚಾಲೂ ಮಾಡಬೇಕು. ಇದನ್ನು ಮಾಡದೆ, ಕೊಟ್ಟ ಹಣದ ವೇಗವನ್ನು ಎಂದೂ ಕಾಣದವರು ಎಷ್ಟೋ ಮಂದಿ.

"ಹಳೆಯ ಗಣಕದ ರ‍್ಯಾಮನ್ನೇ ಹೊಸದಕ್ಕೆ ಹಾಕಬಾರದೆ?" ಎಂದು ತಾಯಿ ಕೇಳಿದರೆ ಅದು ಜಾಣ ಪ್ರಶ್ನೆಯೇ. ಉತ್ತರ ಮದರ್‌ಬೋರ್ಡನ್ನು ಅವಲಂಬಿಸಿದೆ. ಡಿ.ಡಿ.ಆರ್.4 ಮತ್ತು ಡಿ.ಡಿ.ಆರ್.5 ಎರಡಕ್ಕೂ 288 ಸಂಪರ್ಕಗಳೇ. ಆದರೆ ನಡುವಿನ ಕಚ್ಚು ಬೇರೆ ಬೇರೆ ಎಡೆಯಲ್ಲಿದೆ, ಒಂದರ ಗೂಡಿನಲ್ಲಿ ಇನ್ನೊಂದು ಕೂರದು. ಎ.ಎಂ.ಡಿ.ಯ ಎ.ಎಂ.4 ಬೋರ್ಡಿಗೆ ನಾಲ್ಕನೆಯದೇ, ಎ.ಎಂ.5 ಬೋರ್ಡಿಗೆ ಐದನೆಯದೇ ಆಗಬೇಕು. ಇಂಟೆಲ್‌ನ 12ರಿಂದ 14ನೆಯ ಪೀಳಿಗೆಯವರೆಗೆ ಎರಡು ಬಗೆಯ ಬೋರ್ಡುಗಳೂ ಉಂಟು. ಕೊಳ್ಳುವಾಗ ಯಾವುದೆಂದು ನೋಡಿಕೊಳ್ಳಬೇಕು. ಹಳೆಯ ಡಿ.ಡಿ.ಆರ್.4 ಪಟ್ಟಿಗಳು ಚೆನ್ನಾಗಿದ್ದು, ಬೋರ್ಡೂ ಆ ಜಾತಿಯದೇ ಆದರೆ, ಅವುಗಳನ್ನು ಉಳಿಸಿಕೊಳ್ಳುವುದು ಜಿಪುಣತನವಲ್ಲ, ಗೃಹಕೃತ್ಯದ ಜಾಣ್ಮೆ.

ಈ ಜಾಣ್ಮೆಗೆ ಈಗ ಬೆಲೆ ಹೆಚ್ಚಾಗಿದೆ. ಜಗತ್ತಿನ ರ‍್ಯಾಮ್ ಚಿಪ್ಪುಗಳ ಬಹುಪಾಲು ಸ್ಯಾಮ್‌ಸಂಗ್, ಎಸ್.ಕೆ. ಹೈನಿಕ್ಸ್ ಮತ್ತು ಮೈಕ್ರಾನ್ ಎಂಬ ಮೂರು ಸಂಸ್ಥೆಗಳ ಕೈಯಲ್ಲಿದೆ. ಕೃತಕ ಬುದ್ಧಿಮತ್ತೆಯ ಮಹಾಗಣಕ ಕೇಂದ್ರಗಳು ನೆನಪನ್ನು ಸಗಟಾಗಿ ಕೊಳ್ಳತೊಡಗಿದಾಗ ಕಾರ್ಖಾನೆಗಳು ಅತ್ತ ತಿರುಗಿದವು. ಪರಿಣಾಮವಾಗಿ 2025ರ ಕೊನೆಯ ತಿಂಗಳುಗಳಲ್ಲಿ ಮನೆಬಳಕೆಯ ಹಲವು ಪಟ್ಟಿಗಳ ಬೆಲೆ ಎರಡು ಪಟ್ಟನ್ನೂ ಮೀರಿ ಏರಿತು. ಆ ಡಿಸೆಂಬರಿನಲ್ಲಿ ಮೈಕ್ರಾನ್ ಸಂಸ್ಥೆಯು ಕ್ರೂಷಿಯಲ್ ಹೆಸರಿನ ತನ್ನ ಗ್ರಾಹಕ ವ್ಯಾಪಾರದಿಂದಲೇ ಹಿಂದೆ ಸರಿಯುವುದಾಗಿ ಪ್ರಕಟಿಸಿತು. ದೂರದ ಯಾವುದೋ ಮಹಾಯಂತ್ರದ ಹಸಿವು ಸಂಡೂರಿನ ವಿದ್ಯಾರ್ಥಿಯ ಮೇಜಿನವರೆಗೆ ಬಂದು ಮುಟ್ಟಿದ ಬಗೆ ಇದು. ಆದುದರಿಂದ ಇಂದು ಬೇಕಾದ ನೆನಪನ್ನು ಇಂದು ಕೊಂಡು, ನಾಳೆಯ ಕಲ್ಪನೆಗಾಗಿ ಕೊಳ್ಳದಿರುವುದೇ ವಿವೇಕ.

ಆ ಮನೆಯ ತೀರ್ಪೂ ಇಷ್ಟರಿಂದ ಸ್ಪಷ್ಟವಾಗುತ್ತದೆ: 16ರ ಎರಡು ಪಟ್ಟಿ, ಸಾಧಾರಣ ವೇಗ, ದೀಪಾಲಂಕಾರವಿಲ್ಲದ್ದು. ಬೆಂಗಳೂರಿನ ಎಸ್.ಪಿ. ರಸ್ತೆಗೆ ಹೋಗಿಯಾದರೂ ಕೊಳ್ಳಲಿ, ಹೊಸಪೇಟೆಯಲ್ಲಿಯಾದರೂ ಕೊಳ್ಳಲಿ, ಜೋಡಿಯನ್ನು ಒಂದೇ ಪೊಟ್ಟಣದಲ್ಲಿ, ರಸೀದಿ ಸಹಿತ ಕೊಳ್ಳತಕ್ಕದ್ದು. 64ಕ್ಕೆ ಹೋಗದೆ ಉಳಿದ ಹಣದಲ್ಲಿ ಮೊದಲ ಪಾಲು ಯು.ಪಿ.ಎಸ್.ಗೆ ಸಲ್ಲಬೇಕು; ಮಿಕ್ಕದ್ದು ಮಗಳ ಶುಲ್ಕದ ಗಂಟಿಗೆ.

ಯು.ಪಿ.ಎಸ್.ನ ಮಾತು ಸುಮ್ಮನೆ ಬಂದುದಲ್ಲ. ಬಳ್ಳಾರಿ ಸೀಮೆಯ ಬೇಸಿಗೆ ಗುಡುಗುಮಳೆಗೆ ವಿದ್ಯುತ್ತು ಹೋದರೆ ಒಲೆಯ ಕಟ್ಟೆಯ ಮೇಲಿದ್ದದ್ದೆಲ್ಲ ಮಾಯ. ಒಳಗಣಕವೊಂದು ತನ್ನ ಡಿಸ್ಕಿನ ಕಡತಕ್ಕೆ ಬರೆಯುತ್ತಿರುವಾಗಲೇ ಹೀಗಾದರೆ ಕಡತವೇ ಕೆಟ್ಟು, ಸಂಘದ ಒಂದು ವರ್ಷದ ಲೆಕ್ಕ ತೆರೆಯದೆ ಹೋದೀತು. ಯು.ಪಿ.ಎಸ್. ಕೊಡುವ ಹತ್ತು ನಿಮಿಷದಲ್ಲಿ ಮೊದಲು ಒಳಗಣಕಗಳನ್ನೂ ಅನಂತರ ಹೊರಗಣಕವನ್ನೂ ಕ್ರಮವಾಗಿ ಮುಚ್ಚಬಹುದು. ಲೆಕ್ಕದ ಪ್ರತಿಯೊಂದನ್ನು ಬೇರೆಡೆ ತೆಗೆದಿಡುವ ರೂಢಿಯಂತೂ ಎಂದಿಗೂ ತಪ್ಪಬಾರದು. ಅದಿರಿನ ಕೆಂಪು ಧೂಳು ಮನೆಹೊಗುವ ಊರಿನಲ್ಲಿ, ಆಗಾಗ್ಗೆ ವಿದ್ಯುತ್ತು ಕಿತ್ತು ಗಣಕದ ಫ್ಯಾನುಗಳನ್ನೂ ಜಾಲರಿಗಳನ್ನೂ ಶುಚಿ ಮಾಡುವುದೂ ಅಷ್ಟೇ ಅಗತ್ಯ.

ಹೊಸ ಪಟ್ಟಿಗಳನ್ನು ಹಾಕಿದ ದಿನ ಆಟಕ್ಕೆ ಆತುರಪಡದೆ, ಮೆಮ್‌ಟೆಸ್ಟ್86+ ಎಂಬ ಉಚಿತ ತಂತ್ರಾಂಶವನ್ನು ಪೆನ್‌ಡ್ರೈವಿನಿಂದ ನಡೆಸಿ ಒಂದು ರಾತ್ರಿ ಪರೀಕ್ಷೆಗೆ ಬಿಡಬೇಕು. ಬೆಳಗ್ಗೆ ಒಂದೇ ಒಂದು ತಪ್ಪು ಕಂಡರೂ ಮೊದಲು ಎಕ್ಸ್‌ಪೋ ಅಥವಾ ಎಕ್ಸ್.ಎಂ.ಪಿ. ತೆಗೆದು ಮತ್ತೆ ಪರೀಕ್ಷಿಸಬೇಕು. ಆಗಲೂ ತಪ್ಪು ಕಂಡರೆ ಪಟ್ಟಿಯನ್ನು ಹಿಂದಿರುಗಿಸುವುದೇ ಸರಿ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟಿನ 33 ಗೇಟುಗಳಲ್ಲಿ ಹತ್ತೊಂಬತ್ತನೆಯದೊಂದರ ಸರಪಳಿ ತುಂಡಾದಾಗ, ಉಳಿದ 32 ಗಟ್ಟಿಯಾಗಿದ್ದರೂ ತುಂಬಿದ ಜಲಾಶಯದ ನೀರು ನಿಲ್ಲಲಿಲ್ಲ. ನೆನಪಿನ ಪಟ್ಟಿಯ ಕೋಟ್ಯಂತರ ಕೊಡಗಳಲ್ಲಿ ಒಂದು ಬಿರುಕುಬಿಟ್ಟರೂ ಲೆಕ್ಕ ತಪ್ಪುವುದು ಹಾಗೆಯೇ. ಅದನ್ನು ಮೊದಲ ರಾತ್ರಿಯೇ ಕಂಡುಕೊಂಡರೆ ಅಂಗಡಿಯವನು ಬದಲಿಸಿ ಕೊಡುತ್ತಾನೆ. ವರ್ಷದ ಲೆಕ್ಕ ಕೆಟ್ಟ ಮೇಲೆ ಅದನ್ನು ಬದಲಿಸಿ ಕೊಡುವ ಅಂಗಡಿ ಯಾವ ಪೇಟೆಯಲ್ಲಿಯೂ ಇಲ್ಲ.