ಯಾವ ಗೈಡು, ಯಾರ ಪರೀಕ್ಷೆಗೆ?

ಕೊಟ್ಟೂರು ರಥೋತ್ಸವದ ಮರುದಿನ ಭಕ್ತರ ಮನೆಯೊಂದರಲ್ಲಿ ಪ್ರಸಾದ ಮುಗಿಸಿ ಕುಳಿತಿದ್ದೆವು. ಆ ಮನೆಯ ಸೊಸೆ ಎರಡು ದಪ್ಪ ಗೈಡುಗಳನ್ನು ನಮ್ಮ ಮುಂದಿಟ್ಟು, "ಅಯ್ಯನೋರೆ, ಇವನ್ನ ಪೂರಾ ಓದೀನ್ರಿ. ಪರೀಕ್ಷೆಯಾಗ ಬಂದಿದ್ದೇ ಬ್ಯಾರೆ" ಎಂದಳು. ಮದುವೆಯಿಂದ ನಿಂತ ಬಿ.ಎ. ವ್ಯಾಸಂಗವನ್ನು ಆಕೆ ಮೈಸೂರಿನ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯದ ಮೂಲಕ ಮುಂದುವರಿಸಿದ್ದಳು. ಎರಡು ಪತ್ರಿಕೆ ಉಳಿದಿದ್ದವು. ಮತ್ತೆ ಶುಲ್ಕ ಕಟ್ಟುವುದೇಕೆಂದು ಮಾವನವರ ಗೊಣಗಾಟ ನಡೆದಿತ್ತು.

ರಕ್ಷಾಪುಟ ನೋಡಿದೆವು. ಒಂದು ಗೈಡು ಬೇರೆ ವಿಶ್ವವಿದ್ಯಾನಿಲಯದ್ದು; ಇನ್ನೊಂದು ಅವಳದಲ್ಲದ ಸೆಮಿಸ್ಟರಿನದು. ಓದಿದ್ದು ಸುಳ್ಳಲ್ಲ, ಓದಿದ ಪುಸ್ತಕ ಅವಳದಾಗಿರಲಿಲ್ಲ.

ನಮ್ಮ ಸೀಮೆಯಲ್ಲಿ ಈ ಗೊಂದಲ ಸಹಜವೇ. ಹರಪನಹಳ್ಳಿ 1997ರಲ್ಲಿ ದಾವಣಗೆರೆ ಜಿಲ್ಲೆಗೆ ಸೇರಿ, ಬಳಿಕ ಬಳ್ಳಾರಿಗೆ ಮರಳಿ, 2021ರಲ್ಲಿ ವಿಜಯನಗರ ಜಿಲ್ಲೆಯದಾಯಿತು. ಅಲ್ಲಿಯ ಅಂಗಡಿಯಲ್ಲಿ ಎರಡೂ ಕಡೆಯ ಪುಸ್ತಕ ಕೈಗೆ ಬಂದರೆ ಅಚ್ಚರಿಯಿಲ್ಲ. ಮೇಲಾಗಿ ಪದವಿಗೆ 2021-22ರಲ್ಲಿ ರಾಷ್ಟ್ರೀಯ ಶಿಕ್ಷಣ ನೀತಿಯ ಪಠ್ಯಕ್ರಮ ಬಂದಿತು. 2024-25ರಿಂದ ರಾಜ್ಯ ಸರ್ಕಾರ ಅದನ್ನು ಬಿಟ್ಟು ಮೂರು ವರ್ಷದ ಪದವಿಗೆ ಮರಳಿತು. ಹಳೆಯ ಗೈಡುಗಳು ಮಾತ್ರ ಅಂಗಡಿಯ ಅಟ್ಟದಿಂದ ಇಳಿದು ಹೋಗಲಿಲ್ಲ. ಅರ್ಧ ಬೆಲೆಗೆ ಸಿಕ್ಕಿತೆಂದು ಕೊಂಡವರುಂಟು.

ಆದಕಾರಣ ಅಂಗಡಿಗೆ ಹೋಗುವಾಗ ಪ್ರವೇಶ ಪಡೆದ ವರ್ಷದ ಪಠ್ಯಕ್ರಮವನ್ನು ಕೈಯಲ್ಲಿ ಹಿಡಿದಿರಬೇಕು. ಪತ್ರಿಕೆಯ ಹೆಸರು, ಸೆಮಿಸ್ಟರು, ಘಟಕಗಳ ಶೀರ್ಷಿಕೆ ಹೊಂದುತ್ತವೆಯೇ ನೋಡಬೇಕು. ಬಳಿಕ ಹಿಂದಿನ ಪ್ರಶ್ನೆಪತ್ರಿಕೆಯ ಎರಡು ದೊಡ್ಡ ಪ್ರಶ್ನೆಗಳನ್ನು ಹಿಡಿದು ಗೈಡಿನಲ್ಲಿ ಉತ್ತರ ಹುಡುಕಬೇಕು. ಅರ್ಧ ಪುಟದಲ್ಲಿ ಮುಗಿಸಿದ್ದರೆ ಅದನ್ನು ಅಲ್ಲೇ ಬಿಟ್ಟು ಬರುವುದು ಲೇಸು. ಮುಕ್ತ ವಿಶ್ವವಿದ್ಯಾನಿಲಯದವರಿಗಂತೂ ಅಲ್ಲಿಯ ಸಿದ್ಧಪಾಠವೇ ಮೂಲ. ಗೈಡು ಕೊನೆಯ ವಾರದ ಮೆಲುಕಿಗೆ.

'ಸ್ವಯಂ' ಅಂತರ್ಜಾಲ ಪಾಠಗಳ ಪರೀಕ್ಷೆ ಬರೆದು ಕ್ರೆಡಿಟ್ ಪಡೆಯುವ ಮಕ್ಕಳೂ ಈಗ ಇದ್ದಾರೆ. 2021ರ ಯು.ಜಿ.ಸಿ. ನಿಯಮದಂತೆ ಒಂದು ಸೆಮಿಸ್ಟರಿನ ಪಾಠಗಳಲ್ಲಿ ಶೇ. 40ರವರೆಗೆ ಹೀಗೆ ಪಡೆಯಬಹುದು, ಕಾಲೇಜಿನ ಒಪ್ಪಿಗೆ ಮೊದಲೇ ಬೇಕು. ಅಲ್ಲಿ ಪ್ರಶ್ನೆ ಬರುವುದು ಆ ಪಾಠಗಳಿಂದಲೇ. ಅದಕ್ಕೆಂದು ಗೈಡಿಗೆ ಹಣ ಸುರಿಯುವುದು ನಮಗೆ ಸರಿತೋರದು.

ನಾವು ಗೈಡನ್ನು ಹಳಿಯುವವರಲ್ಲ. ಮಠದಲ್ಲಿ ಒಂದೇ ಪುಸ್ತಕವನ್ನು ಹತ್ತು ಮಂದಿ ಹಂಚಿಕೊಂಡು ಓದಿದವರು ನಾವು. ಕೇಳಲು ಎದುರಿಗೆ ಗುರುಗಳಿದ್ದರು. ಹಡಗಲಿ, ಕೂಡ್ಲಿಗಿಯ ಹಳ್ಳಿಗಳಲ್ಲಿ ರೊಟ್ಟಿ ಬಡಿದು ಮುಗಿಸಿ ರಾತ್ರಿ ಓದುವ ತಾಯಂದಿರಿಗೆ ಆ ಭಾಗ್ಯವೆಲ್ಲಿ?

"ವಿಶ್ವವಿದ್ಯಾನಿಲಯದ ಪಾಠದ ಪುಸ್ತಕ ಎಲ್ಲಮ್ಮಾ?" ಎಂದೆವು. ಮಾಡಿನಿಂದ ತಂದಳು, ಕಟ್ಟಿದ ದಾರ ಕಟ್ಟಿದಂತೆಯೇ ಇತ್ತು. ಮಾವನವರು ಅದನ್ನು ಬಿಚ್ಚಿ ನೋಡಿ, ಶುಲ್ಕಕ್ಕೆ ಕೊನೆಯ ದಿನ ಯಾವುದೆಂದು ಕೇಳಿದರು.