ಕಾಫಿ ಬೊಡ್ಡೆ ಒಲೆಗೇ ಹೋಗಬೇಕೆ?

ಕೆಮ್ಮಣ್ಣುಗುಂಡಿಯ ಅದಿರು ಒಂದು ಕಾಲದಲ್ಲಿ ರೋಪ್‌ವೇಯಲ್ಲಿ ಬೆಟ್ಟ ಇಳಿದು ಭದ್ರಾವತಿ ಸೇರುತ್ತಿತ್ತು. 1923ರಲ್ಲಿ ಶುರುವಾದ ಅಲ್ಲಿನ ಕಬ್ಬಿಣದ ಕಾರ್ಖಾನೆಯ ಕುಲುಮೆಗೆ ಆಗ ಇದ್ದಿಲೇ ಉರುವಲು. ಅದಕ್ಕಾಗಿ ಮಲೆನಾಡಿನ ಮರ ಲೋಡುಗಟ್ಟಲೆ ಸುಟ್ಟುಹೋಯಿತು. ಗಣಿಗಾರಿಕೆ ನಿಂತಿದೆ. ಮರ ಕಂಡರೆ ಸೌದೆಯ ಲೆಕ್ಕ ಹಾಕುವ ರೂಢಿ ನಿಂತಿಲ್ಲ. ಬಾಬಾಬುಡನ್ ಶ್ರೇಣಿಯ ತೋಟಗಳಲ್ಲಿ ವಯಸ್ಸಾದ ಅರೇಬಿಕಾ ಕಿತ್ತು ಹೊಸ ಸಸಿ ನೆಟ್ಟಾಗ, ಹಳೆಯ ಬೊಡ್ಡೆಯ ದಾರಿ ಸಾಮಾನ್ಯವಾಗಿ ಒಲೆಯ ಕಡೆಗೇ.

ಅದೇ ಬೊಡ್ಡೆ ಪೆನ್ನಾಗಬಹುದು. ಕಾಫಿ ಮರ ಗಟ್ಟಿ, ಎಳೆ ಒತ್ತು, ಬಣ್ಣ ತಿಳಿ. ಪೆನ್ನಿಗೆ ಬೇಕಾದ ತುಂಡು, ಅಂದರೆ ಬ್ಲ್ಯಾಂಕ್, ಸುಮಾರು 2 ಸೆಂ.ಮೀ. ಚೌಕ, 12-13 ಸೆಂ.ಮೀ. ಉದ್ದ. ಸಣ್ಣ ಕಾಂಡವೂ ಸಾಕು.

ಒಂದು ಎಚ್ಚರಿಕೆಯನ್ನು ಇಲ್ಲೇ ಹೇಳಬೇಕು. ಬಿಳಿ ಕಾಂಡಕೊರಕ ಹೊಕ್ಕ ಗಿಡವನ್ನು ಕಿತ್ತು ಸುಡಲೇಬೇಕು. ಅಂಥ ಕಾಂಡವನ್ನು ಒಣಗಲೆಂದು ಶೆಡ್ಡಿನಲ್ಲಿಟ್ಟರೆ ದುಂಬಿ ಹೊರಬಿದ್ದು ತೋಟಕ್ಕೇ ಮರಳುತ್ತದೆ. ಇಲ್ಲಿನ ಮಾತು ಹುಳು ಮುಟ್ಟದ ಬೊಡ್ಡೆಗೆ ಮಾತ್ರ.

ಕರಕುಶಲ ತರಬೇತಿ ಎಂದರೆ ಜನರ ಕಣ್ಣು ತಿರುಗುವ ಲೇತ್ ಮೇಲೆ, ಕೊನೆಯ ಹೊಳಪಿನ ಮೇಲೆ. ಪೆನ್ನಿನ ಹಣೆಬರಹ ಅದಕ್ಕೂ ಮೊದಲೇ ತೀರ್ಮಾನವಾಗಿರುತ್ತದೆ. ಕೊಯ್ಲು ಮುಗಿದ ಬೇಸಿಗೆಯಲ್ಲಿ ಕಾಂಡ ಸೀಳಿ, ತುದಿಗಳಿಗೆ ಮೇಣ ಬಳಿದು, ಗಾಳಿಯಾಡುವ ನೆರಳಲ್ಲಿ ಪೇರಿಸಿಡಬೇಕು. ಆಗಾಗ ತೂಗಿ ನೋಡಿ, ತೂಕ ಇಳಿಯುವುದು ನಿಂತಾಗಲೇ ಒಣಗಿತೆಂದು ಲೆಕ್ಕ. ಮಳೆಗಾಲದ ತೇವ ಉಳಿದ ಮರದಲ್ಲಿ ಮಾಡಿದ ಪೆನ್ನು ಬಳ್ಳಾರಿಯ ಬಿಸಿಲಿಗೆ ಹೋದರೆ ಬಿರುಕು ಬಿಡುತ್ತದೆ.

ಆಮೇಲೆ ಕೊರೆತ. ತೆಳು ಪೆನ್ನಿಗೆ 7 ಮಿ.ಮೀ. ತೂತು. ಡ್ರಿಲ್ಲನ್ನು ಒಂದೇ ಸಮ ಒತ್ತದೆ ಹಿಂದೆಳೆದು ಹೊಟ್ಟು ತೆಗೆಯುತ್ತಿರಬೇಕು. ಬಿಸಿ ಏರಿದರೆ ಮರ ಒಳಗಿಂದಲೇ ಸೀಳುತ್ತದೆ. ಆ ತೂತಿನೊಳಗೆ ಹಿತ್ತಾಳೆ ಕೊಳವೆಯನ್ನು ಅಂಟು ಹಚ್ಚಿ ಕೂರಿಸಿದ ಮೇಲೆ ಬರುವುದೇ ಅತಿ ಸೂಕ್ಷ್ಮ ಕೆಲಸ: ತುದಿಗಳನ್ನು ಕೊಳವೆಗೆ ನೇರ ಲಂಬವಾಗಿ ಮಟ್ಟ ಮಾಡುವುದು. ಟ್ರಿಮ್ಮರಿನ ಅಲಗು ಮರವನ್ನು ಕೂದಲೆಳೆಯಷ್ಟೇ ಹೆರೆಯುತ್ತದೆ. ಸುತ್ತಲೂ ಹಿತ್ತಾಳೆಯ ಉಂಗುರ ಮಿನುಗಿದ ಕ್ಷಣ ಕೈ ನಿಲ್ಲಬೇಕು. ಮುಂದೆ ಹೋದರೆ ಕೊಳವೆಯೇ ಗಿಡ್ಡವಾಗಿ ರೀಫಿಲ್‌ನ ಲೆಕ್ಕ ತಪ್ಪುತ್ತದೆ. ಓರೆ ಉಳಿದರೆ ಲೋಹದ ತುದಿ ಒಂದು ಬದಿಯಲ್ಲಿ ಬಾಯಿ ಬಿಡುತ್ತದೆ. ಎಂಥ ಪಾಲಿಶ್ ಹಾಕಿದರೂ ಆ ಸಂದು ಮುಚ್ಚದು.

ಮರದ ತಯಾರಿಯ ಈ ಬೆಲೆಯನ್ನು ಚನ್ನಪಟ್ಟಣ ಬಹಳ ಹಿಂದೆಯೇ ಅರಿತಿದೆ. ಅಲ್ಲಿನ ಆಲೆ ಮರ ಚೆನ್ನಾಗಿ ಒಣಗದೆ ತಿರುಗಣೆ ಏರುವುದಿಲ್ಲ. ಮರ ತಿರುಗುವಾಗಿನ ಉಜ್ಜಾಟದ ಬಿಸಿಗೆ ಕರಗಿ ಅಂಟುವ ಅರಗು, ಕೆಳಗಿನ ಮರ ಸರಿಯಿದ್ದರೆ ಮಾತ್ರ ನಿಲ್ಲುತ್ತದೆ. ಆ ಊರಿನ ನುರಿತ ಕೈಗಳನ್ನು ಮಲೆನಾಡಿಗೆ ಕರೆಸಿ ಕಲಿಸಲು ಅಡ್ಡಿಯೇನು?

ಕೆಮ್ಮಣ್ಣುಗುಂಡಿಯ ಗಿರಿಧಾಮಕ್ಕೆ ಪ್ರವಾಸಿಗರು ಬರುತ್ತಲೇ ಇದ್ದಾರೆ. ಆದ್ದರಿಂದ ಮಾರುವ ಜಾಗಕ್ಕೆ ಬರವಿಲ್ಲ. ಕಾಫಿ ಮಂಡಳಿ ಮರು ನಾಟಿಯ ಬಗ್ಗೆ ಬೆಳೆಗಾರರಿಗೆ ಹೇಳುವಾಗ ಬೊಡ್ಡೆಯ ಮಾತನ್ನೂ ಸೇರಿಸಲಿ. ಯಂತ್ರಕ್ಕೆ ಹಣ ಕೇಳುವ ಮುನ್ನ ತರೀಕೆರೆ ಕಡೆಯ ಬಯಲಿನಲ್ಲಿ, ಬೆಟ್ಟದಷ್ಟು ಮಳೆ ಸುರಿಯದ ಕಡೆ, ಮರ ಒಣಗಿಸುವ ಒಂದು ಶೆಡ್ ಎದ್ದು ನಿಲ್ಲಲಿ. ಮೊದಲ ವರ್ಷ ಅಲ್ಲಿ ಬ್ಲ್ಯಾಂಕ್‌ಗಳನ್ನಷ್ಟೇ ತಯಾರಿಸಿ ಮಾರಿದರೂ ಅದು ಒಳ್ಳೆಯ ಆರಂಭವೇ.