ಸರಕಿನ ಚಿತ್ರವೂ ಒಂದು ಮಾದರಿಯೇ

ತಿಪಟೂರಿನ ಕೊಬ್ಬರಿ ಮಾರುಕಟ್ಟೆಯಲ್ಲಿ ಮಾದರಿಯನ್ನು ನೋಡದೆ ದರ ಹೇಳುವ ವರ್ತಕರಿಲ್ಲ. ಉಂಡೆ ಕೊಬ್ಬರಿಯನ್ನು ಕೈಗೆತ್ತಿಕೊಂಡು, ಒಡೆದು, ಒಳಗಿನ ಬಣ್ಣವನ್ನು ಪರೀಕ್ಷಿಸಿದ ಬಳಿಕವೇ ವ್ಯಾಪಾರದ ಮಾತು. ಆದರೆ ಅಂತರಜಾಲದ ಮೂಲಕ ಕೊಳ್ಳುವ ದೂರದ ಗ್ರಾಹಕನಿಗೆ ಈ ಅವಕಾಶವಿಲ್ಲ. ಅವನ ಪಾಲಿಗೆ ಚಿತ್ರವೇ ಮಾದರಿ. ಆದ್ದರಿಂದ ಚಿತ್ರಕ್ಕೆ ಬೇಕಾದ ಬೆಳಕನ್ನು ಸಹ ತಕ್ಕಡಿ, ತೂಕದ ಬಟ್ಟುಗಳಂತೆ ವ್ಯಾಪಾರದ ಸಾಧನವೆಂದೇ ಪರಿಗಣಿಸಬೇಕು ಎಂಬುದು ನನ್ನ ಅಭಿಪ್ರಾಯ.

ದಬ್ಬೇಘಟ್ಟದ ಕಡೆಯ ನನ್ನ ಕಕ್ಷಿದಾರರೊಬ್ಬರು ಮನೆಯಲ್ಲಿಯೇ ಕೊಬ್ಬರಿ ಹಾಗೂ ಎಣ್ಣೆಯನ್ನು ಪೊಟ್ಟಣ ಕಟ್ಟಿ ಮಾರುತ್ತಾರೆ. ಅಟ್ಟದ ಮೇಲೆ ತಿಂಗಳುಗಟ್ಟಲೆ ಒಣಗಿಸಿ ಸಿದ್ಧಪಡಿಸಿದ ಅವರ ಮಾಲು ಉತ್ತಮವಾದುದೇ. ಆದರೆ ಟ್ಯೂಬ್‌ಲೈಟಿನ ಕೆಳಗೆ ತೆಗೆದ ಚಿತ್ರದಲ್ಲಿ ಕೊಬ್ಬರಿ ಹಸಿರು ಛಾಯೆ ತಳೆದು, ಹಳೆಯ ದಾಸ್ತಾನಿನಂತೆ ಕಂಡಿತು. ಕೊಳ್ಳಲು ಬಂದವರು ಮಾಲು ಹಳತೇ ಎಂದು ಪ್ರಶ್ನಿಸಿದರು. ಕೂಡಲೇ ಅವರು ದುಬಾರಿ ಕ್ಯಾಮೆರಾ ಖರೀದಿಸಲು ಮುಂದಾಗಿ, ಸಾಲದ ವಿಷಯ ಕೇಳಲು ನನ್ನ ಬಳಿಗೆ ಬಂದರು. ದೋಷವಿದ್ದುದು ಬೆಳಕಿನಲ್ಲಿ, ಕ್ಯಾಮೆರಾದಲ್ಲಲ್ಲ.

ಮೊದಲನೆಯದಾಗಿ ತಿಳಿಯಬೇಕಾದುದು, ಮೊಬೈಲ್ ಫೋನಿನಲ್ಲಿ ಮಾತ್ರ ಚಿತ್ರ ತೆಗೆಯುವವರಿಗೆ ಹೊರಗಿನ ಫ್ಲ್ಯಾಷ್ ಸಾಮಾನ್ಯವಾಗಿ ಉಪಯೋಗಕ್ಕೆ ಬಾರದು. ಎರಡರ ನಡುವೆ ಸಮಯದ ಹೊಂದಾಣಿಕೆ ಏರ್ಪಡುವುದಿಲ್ಲ. ಅಂತಹವರು ಬಣ್ಣಗಳನ್ನು ನಿಜರೂಪದಲ್ಲಿ ತೋರುವ, ಸಿಆರ್‌ಐ 95ಕ್ಕಿಂತ ಹೆಚ್ಚಿರುವ ಎಲ್‌ಇಡಿ ದೀಪವನ್ನು ಕೊಳ್ಳುವುದು ಲೇಸು. ಹಾಟ್ ಶೂ ಇರುವ ಕ್ಯಾಮೆರಾ ಉಳ್ಳವರಿಗೆ, ಅದು ಹಳೆಯದಾದರೂ ಸರಿಯೇ, ಕೈಯಿಂದ ಶಕ್ತಿ ಹೊಂದಿಸುವ ಒಂದು ಫ್ಲ್ಯಾಷ್ ಸಾಕು. ತಾನೇ ಬೆಳಕನ್ನು ಅಳೆಯುವ ಟಿಟಿಎಲ್ ಸೌಲಭ್ಯಕ್ಕೆ ಹೆಚ್ಚು ಹಣ ತೆರಬೇಕಿಲ್ಲ. ಮೇಜಿನ ಮೇಲಿರುವ ಕೊಬ್ಬರಿ ಎಲ್ಲಿಗೂ ಓಡಿಹೋಗುವುದಿಲ್ಲ. ಉದಾಹರಣೆಗೆ ಗೋಡಾಕ್ಸ್ ಟಿಟಿ600 ಮಾದರಿಯು ನಾಲ್ಕು ಎಎ ಸೆಲ್‌ಗಳಿಂದ ನಡೆಯುತ್ತದೆ. ಶಕ್ತಿಯನ್ನು 1/128ರವರೆಗೆ ಇಳಿಸಬಹುದು. ಇದು ಯಾವುದೇ ಕಂಪನಿಯ ಪರವಾದ ಶಿಫಾರಸಲ್ಲ. ಸೆಲ್‌ನಿಂದ ನಡೆಯುವುದರಿಂದ ವಿದ್ಯುತ್ ಕಡಿತವಾದರೂ ಕೆಲಸ ನಿಲ್ಲದು ಎಂಬುದು ಗಮನಾರ್ಹ. ಫಿಲಂ ಕಾಲದ ಹಳೆಯ ಫ್ಲ್ಯಾಷ್‌ಗಳನ್ನು ಅಗ್ಗಕ್ಕೆ ಕೊಳ್ಳುವಾಗ ಎಚ್ಚರಿಕೆ ಅಗತ್ಯ. ಅವುಗಳಲ್ಲಿ ಕೆಲವುಗಳ ಟ್ರಿಗರ್ ವೋಲ್ಟೇಜ್ 200 ದಾಟುವುದರಿಂದ ಡಿಜಿಟಲ್ ಕ್ಯಾಮೆರಾ ಹಾಳಾಗುವ ಸಂಭವವಿದೆ.

ಫ್ಲ್ಯಾಷನ್ನು ಕ್ಯಾಮೆರಾದ ಮೇಲೆಯೇ ಇರಿಸಿದರೆ ಬೆಳಕು ನೇರವಾಗಿ ಬಡಿದು ಮಾಲು ಚಪ್ಪಟೆಯಾಗಿ ಕಾಣುತ್ತದೆ. ಆದುದರಿಂದ ರೇಡಿಯೋ ಟ್ರಿಗರ್ ಮತ್ತು ಒಂದು ಸ್ಟ್ಯಾಂಡ್ ಅವಶ್ಯಕ. ಕೊಬ್ಬರಿಗೆ ಪಕ್ಕದಿಂದ ಬೆಳಕು ಬಿಟ್ಟು, ಎದುರು ಬದಿಗೆ ಬಿಳಿಯ ಥರ್ಮೋಕೋಲ್ ಹಲಗೆ ನಿಲ್ಲಿಸಿದರೆ ಸಿಪ್ಪೆಯ ಗೆರೆಗಳು ಸ್ಪಷ್ಟವಾಗುತ್ತವೆ. ಎಣ್ಣೆಯ ಬಾಟಲಿಗೆ ಬಟರ್ ಪೇಪರ್ ಹಾಯಿಸಿ ಹಿಂದಿನಿಂದ ಬೆಳಕು ಕೊಟ್ಟರೆ ಎಣ್ಣೆಯ ತಿಳಿ ಗೋಚರಿಸುತ್ತದೆ. ಬೆಳಕಿನ ಮೈ ದೊಡ್ಡದಾದಷ್ಟೂ, ಮಾಲಿಗೆ ಹತ್ತಿರವಾದಷ್ಟೂ ನೆರಳು ಮೃದುವಾಗುತ್ತದೆ. ದೂರ ಇಮ್ಮಡಿಯಾದರೆ ಬೆಳಕು ನಾಲ್ಕನೆಯ ಒಂದು ಪಾಲಿಗೆ ಇಳಿಯುತ್ತದೆ. ಐಎಸ್‌ಒ 100, ಎಫ್ 8, ಸೆಕೆಂಡಿನ 1/125 ಎಂಬ ಹೊಂದಾಣಿಕೆಯಲ್ಲಿ ಕೋಣೆಯ ಟ್ಯೂಬ್‌ಲೈಟಿನ ಪ್ರಭಾವ ಬಹುತೇಕ ಅಡಗಿಹೋಗುತ್ತದೆ. ಒಮ್ಮೆ ಸರಿಹೊಂದಿದ ದೂರ ಹಾಗೂ ಶಕ್ತಿಯನ್ನು ಒಂದು ಪುಸ್ತಕದಲ್ಲಿ ಬರೆದಿಟ್ಟರೆ, ಮುಂದಿನ ಬಾರಿಯೂ ಅದೇ ಫಲ ದೊರೆಯುತ್ತದೆ.

ಇನ್ನು ಲೆಕ್ಕದ ವಿಷಯ. ಖರೀದಿಗೆ ತೆರಿಗೆ ಬಿಲ್ ತಪ್ಪದೆ ಪಡೆಯತಕ್ಕದ್ದು. ಜಿಎಸ್‌ಟಿ ನೋಂದಣಿಯುಳ್ಳವರು ತೆರಿಗೆಗೊಳಪಟ್ಟ ಮಾಲಿನ ವ್ಯಾಪಾರಕ್ಕಾಗಿ ಇದನ್ನು ಬಳಸಿದರೆ ಹೂಡುವಳಿ ತೆರಿಗೆ ಜಮೆ ಲಭ್ಯ. ಕಾಂಪೋಸಿಷನ್ ಪದ್ಧತಿಯವರಿಗೆ ಇಲ್ಲ. ಜಮೆ ಪಡೆದ ತೆರಿಗೆಯ ಮೊತ್ತದ ಮೇಲೆ ಮತ್ತೆ ಸವಕಳಿ ಕೇಳುವಂತಿಲ್ಲ. ತೆರಿಗೆ ಬಿಟ್ಟು 12,000 ರೂ. ಬೆಲೆಯ ಸಾಮಗ್ರಿಗೆ ಶೇ. 15ರಂತೆ ಮೊದಲ ವರ್ಷ 1,800 ರೂ. ಸವಕಳಿ, ಆ ವರ್ಷದಲ್ಲಿ 180 ದಿನಗಳಿಗಿಂತ ಕಡಿಮೆ ಬಳಸಿದ್ದರೆ 900 ರೂ. ಮಾತ್ರ. ಒಬ್ಬರಿಗೆ ಒಂದೇ ದಿನ 10,000 ರೂ. ಮೀರಿ ನಗದು ಪಾವತಿಸಿದರೆ, 2017ರ ತಿದ್ದುಪಡಿಯ ಪ್ರಕಾರ ಆ ಮೊತ್ತ ಆಸ್ತಿಯ ಬೆಲೆಗೆ ಸೇರುವುದಿಲ್ಲ. ಆದ್ದರಿಂದ ಬ್ಯಾಂಕಿನ ಮೂಲಕವೇ ಪಾವತಿಸುವುದು ಕ್ಷೇಮ.

ಕೊನೆಯದಾಗಿ ಒಂದು ಮಾತು. ಬೆಳಕಿಗೆ ಮಾಲನ್ನು ಇದ್ದಂತೆ ತೋರುವ ಶಕ್ತಿ ಇರುವಂತೆ, ಇಲ್ಲದ ಬಿಳುಪನ್ನು ತೋರುವ ಶಕ್ತಿಯೂ ಇದೆ. ಜಾಹೀರಾತು ಸರಕಿನ ನೈಜ ಗುಣಗಳಿಗೆ ಹೊಂದಿಕೆಯಾಗಿರಬೇಕೆಂದು 2020ರ ಗ್ರಾಹಕ ಸಂರಕ್ಷಣೆ ಇ-ವಾಣಿಜ್ಯ ನಿಯಮಗಳು ಮಾರಾಟಗಾರರಿಗೆ ವಿಧಿಸಿವೆ. ನಿಯಮದ ಮಾತು ಹಾಗಿರಲಿ, ಚಿತ್ರ ನಂಬಿ ಕೊಂಡವನು ಪೊಟ್ಟಣ ಬಿಚ್ಚಿ ಮೋಸಹೋದೆನೆಂದುಕೊಂಡರೆ, ಹಿಂದಿರುಗಿ ಬಂದ ಮಾಲಿನ ಸಾಗಣೆ ವೆಚ್ಚ ನಮ್ಮದೇ. ಕಳೆದುಹೋಗುವುದು ಒಬ್ಬ ವರ್ತಕನ ಹೆಸರು ಮಾತ್ರವಲ್ಲ, ಈ ಸೀಮೆಯ ಕೊಬ್ಬರಿಯ ಹೆಸರೂ ಹೌದು. ಚಿತ್ರ ತೆಗೆದ ಮೇಲೆ ಮಾಲನ್ನು ಹಗಲು ಬೆಳಕಿನಲ್ಲಿ ಪಕ್ಕಕ್ಕಿಟ್ಟು ತಾಳೆ ನೋಡುವ ಪದ್ಧತಿಯನ್ನು ನಮ್ಮ ಸದಸ್ಯರು ರೂಢಿಸಿಕೊಳ್ಳಲಿ. ಎರಡೂ ತಾಳೆಯಾದರೆ ಮಾತ್ರ ಚಿತ್ರವನ್ನು ಗ್ರಾಹಕನ ಮುಂದಿಡೋಣ. ತಾಳೆಯಾಗದ ಲೆಕ್ಕಕ್ಕೆ ನಾವು ಸಹಿ ಮಾಡುವುದಿಲ್ಲವಷ್ಟೇ?